ಗಾಲಿ ದೊಡ್ಡದಾದಾಗ ಅಚ್ಚಿನ ಲೆಕ್ಕ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ಊರುಗಳ ರಸ್ತೆ ಬದಿಯಲ್ಲಿ ಟ್ರಾಲಿ ಕಟ್ಟುವ, ಕುಂಟೆ ರೆಂಟೆ ಮಾಡುವ ವೆಲ್ಡಿಂಗ್ ಅಂಗಡಿಗಳು ಸಿಗುತ್ತವೆ. ಹೊಸ ಟ್ರಾಲಿ ತಯಾರಾಗಿ ನಿಂತರೆ ಬಂದವರು ಪತ್ರಾ ಎಷ್ಟು ದಪ್ಪ ಎಂದು ಬಡಿದು ನೋಡುತ್ತಾರೆ, ಬಣ್ಣ ನೋಡುತ್ತಾರೆ, ಹಿಂದಿನ ಬಾಗಿಲ ಮೇಲೆ ಬರೆಸಿದ ದೇವರ ಹೆಸರು ಓದುತ್ತಾರೆ. ಟೈರಿಗೆ ಒಂದು ಒದೆ ಕೊಟ್ಟು ತೃಪ್ತರಾಗುತ್ತಾರೆ. ಅಚ್ಚನ್ನು ನೋಡಬೇಕಾದರೆ ಮಾತ್ರ ನೆಲಕ್ಕೆ ಬಗ್ಗಬೇಕು, ಬಗ್ಗುವವರು ಕಡಿಮೆ. ಟ್ರಾಲಿ ಕಟ್ಟಿದ ಮಿಸ್ತ್ರಿಯ ಬುದ್ಧಿಯೆಲ್ಲ ಇರುವುದು ಅಲ್ಲೇ, ಆ ಎರಡು ಗಾಲಿಗಳ ನಡುವೆ ಅಡ್ಡಬಿದ್ದ ಉಕ್ಕಿನ ತುಂಡಿನಲ್ಲಿ.

ದೊಡ್ಡ ಗಾಲಿಯ ಆಸೆ ಇಲ್ಲಿ ಶೋಕಿಯಿಂದ ಹುಟ್ಟಿದ್ದಲ್ಲ, ನೆಲದಿಂದ ಹುಟ್ಟಿದ್ದು. ಡೋಣಿ ನದಿಯ ಎರಡೂ ದಂಡೆಗೆ, ಭೀಮೆಯ ಬದಿಗೆ, ಕೃಷ್ಣೆಯ ಕಡೆಗೆ ಹಬ್ಬಿರುವ ಎರೆಮಣ್ಣು ಹಿಂಗಾರಿ ಜೋಳಕ್ಕೆ ಹೇಳಿ ಮಾಡಿಸಿದ್ದು. ಬಂಡಿಗೆ ಮಾತ್ರ ಶತ್ರು. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಅಗಲ ಬಿರುಕು ಬಿಡುತ್ತದೆ, ಹೆಂಟೆ ಕಲ್ಲಿನಂತಾಗುತ್ತದೆ. ಎರಡು ಮಳೆ ಬಿದ್ದರೆ ಅದೇ ಮಣ್ಣು ನೀರು ಕುಡಿದು ಉಬ್ಬಿ, ಗಾಲಿಗೆ ಅಂಟಿ, ಅಂಟಿದ ಮಣ್ಣಿಗೆ ಮತ್ತಷ್ಟು ಮಣ್ಣು ಅಂಟಿ, ಕೊನೆಗೆ ಗಾಲಿ ತಿರುಗುವುದನ್ನೇ ಬಿಟ್ಟು ಜಾರತೊಡಗುತ್ತದೆ. ಇಂಥ ನೆಲದಲ್ಲಿ ಸಣ್ಣ ಗಾಲಿ ಹುಗಿಯುತ್ತದೆ. ಎತ್ತರದ, ಅಗಲದ ಗಾಲಿ ಭಾರವನ್ನು ಹೆಚ್ಚು ಜಾಗಕ್ಕೆ ಹಂಚಿ ಮೇಲೆ ಉಳಿಯುತ್ತದೆ. ಬದುವನ್ನೂ ಕಾಲುವೆಯ ದಿಬ್ಬವನ್ನೂ ಸುಲಭವಾಗಿ ಹತ್ತಿಳಿಯುತ್ತದೆ.

ಹಿಂದಿನ ಬಡಿಗೇರರಿಗೆ ಇದು ಗೊತ್ತಿತ್ತು. ಈ ಸೀಮೆಯ ಚಕ್ಕಡಿಯ ಕಟ್ಟಿಗೆ ಗಾಲಿ ಆಳೆತ್ತರಕ್ಕೆ ಹತ್ತಿರ ಬರುತ್ತಿತ್ತು. ಬಡಿಗೇರ ಗುಂಬ ಕಡೆದು, ಅರ ಕೂಡಿಸಿ, ಸುತ್ತು ಜೋಡಿಸಿದ ಮೇಲೆ ಕಂಬಾರ ಕಬ್ಬಿಣದ ಹಳಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ತೊಡಿಸಿ ನೀರು ಸುರಿಯುತ್ತಿದ್ದ. ಹಳಿ ತಣ್ಣಗಾಗುತ್ತ ಕುಗ್ಗಿ ಇಡೀ ಗಾಲಿಯನ್ನು ಬಿಗಿದು ಹಿಡಿಯುತ್ತಿತ್ತು. ನೋಡುವವರ ಕಣ್ಣೆಲ್ಲ ಆ ಹೊಗೆಯ ಮೇಲೆ, ಆ ಬೆಂಕಿಯ ಮೇಲೆ. ಅಚ್ಚನ್ನು ಮಾತ್ರ ಇಬ್ಬರೂ ಮಾತಿಲ್ಲದೆ ಮೊದಲೇ ಗೊತ್ತು ಮಾಡಿಕೊಂಡಿರುತ್ತಿದ್ದರು. ಅಚ್ಚಿನ ತುದಿಗೆ ಕಡೆಗೀಲು, ಒಳಗೆ ಔಡಲೆಣ್ಣೆಗೆ ಮಸಿ ಕಲಸಿದ ಕೀಲೆಣ್ಣೆ. ಪಕ್ಕದ ಸುರಪುರ ಸೀಮೆಯ ಮುದನೂರಿನವನೆಂದು ಹೇಳುವ ಜೇಡರ ದಾಸಿಮಯ್ಯನ ವಚನವೊಂದರಲ್ಲಿ ಈ ಕಡೆಗೀಲು ಬರುತ್ತದೆ. ನೇಕಾರನಾದವನೂ ಬಂಡಿ ಎಲ್ಲಿ ಕೆಡುತ್ತದೆಂದು ತಿಳಿದಿದ್ದ ನೆಲ ಇದು.

ಭಾರದ ಮಾತು ಬಂದಾಗ ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು ನೆನೆಯದೆ ಮುಂದೆ ಹೋಗಲಾಗದು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪನ್ನು 1632ರಲ್ಲಿ ಪರಾಂಡಾ ಕೋಟೆಯಿಂದ ಇಲ್ಲಿಗೆ ತಂದರು. ನಾಲ್ಕು ನೂರು ಎತ್ತು, ಹತ್ತು ಆನೆ ಎಳೆದವೆಂದು ಜನ ಹೇಳುತ್ತ ಬಂದಿದ್ದಾರೆ. ಎತ್ತು ಆನೆಗಳ ಲೆಕ್ಕ ಉಳಿಯಿತು. ನಡುವೆ ಭೀಮೆಯನ್ನು ದಾಟಿ ಎರೆಯ ಮೇಲೆ ಆ ಹೊರೆಯನ್ನು ಹೊತ್ತು ತಂದ ಅಚ್ಚು ಎಂಥದ್ದು, ಯಾವ ಮರದ್ದು ಎಂದು ಯಾವ ಕಥೆಯೂ ಹೇಳುವುದಿಲ್ಲ. ಅಚ್ಚಿಗೆ ಅಂದಿನಿಂದಲೂ ಇದೇ ಗತಿ.

ಕಟ್ಟಿಗೆ ಗಾಲಿಯ ಜಾಗಕ್ಕೆ ಗಾಳಿ ತುಂಬಿದ ರಬ್ಬರ್ ಗಾಲಿ ಬಂತು. ಎತ್ತಿನ ಗಾಡಿಗೆಂದೇ 6.00-19, 7.00-19, 8.00-19 ಅಳತೆಯ ಟೈರುಗಳು ತಯಾರಾದವು. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ. ಎತ್ತಿಗೆ ಹಗುರವಾಯಿತು, ಹೊರೆ ಹೆಚ್ಚಾಯಿತು. ಅಷ್ಟರಲ್ಲಿ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು, ಕೆಳಗಿನ ನಾರಾಯಣಪುರ ಜಲಾಶಯ, ಅವುಗಳ ಕಾಲುವೆಗಳು ನಿಧಾನವಾಗಿ ಈ ಒಣ ಸೀಮೆಯ ಬೆಳೆಯನ್ನೇ ಬದಲಿಸಿದವು. ಜೋಳ ಕುಸುಬೆಯ ಹೊಲಗಳ ನಡುವೆ ಕಬ್ಬು ಬಂತು, ಕಬ್ಬಿನ ಹಿಂದೆ ಕಾರ್ಖಾನೆ ಬಂದವು. ಇಂಡಿ ತಾಲ್ಲೂಕಿನ ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆಯೇ ಇದೆ. ಜೋಳದ ಚೀಲ ಒಣ ಹೊಲದಿಂದ ಬೇಸಿಗೆಯಲ್ಲಿ ಬರುತ್ತದೆ. ಕಬ್ಬು ಹಾಗಲ್ಲ, ನೀರುಣಿಸಿದ ಹಸಿ ಫಡದಿಂದ ಟನ್ನುಗಟ್ಟಲೆ ಹೊರಗೆ ಬರಬೇಕು, ಅದೂ ಹಂಗಾಮು ಮುಗಿಯುವುದರೊಳಗೆ. ದೊಡ್ಡ ಗಾಲಿಯ ಪ್ರಶ್ನೆ ಟ್ರ್ಯಾಕ್ಟರಿಗೂ ಟ್ರಾಲಿಗೂ ಬಂದದ್ದು ಹೀಗೆ.

ಇಲ್ಲಿಂದ ಮಿಸ್ತ್ರಿಯ ಲೆಕ್ಕ ಶುರು. ಟ್ರಾಲಿಯ ಅಚ್ಚು ತಿರುಗುವುದಿಲ್ಲ, ಎಳೆಯುವುದಿಲ್ಲ. ಹೊರುವುದಷ್ಟೇ ಅದರ ಕೆಲಸ. ಕಮಾನು ಪಾಟಾಗಳು ಕೂತ ಎರಡು ಜಾಗದಲ್ಲಿ ಹೊರೆ ಕೆಳಗೆ ಒತ್ತುತ್ತದೆ, ಎರಡು ತುದಿಯ ಗಾಲಿಗಳು ಮೇಲಕ್ಕೆ ಒತ್ತುತ್ತವೆ. ನಡುವೆ ಅಚ್ಚು ಬಾಗಲು ನೋಡುತ್ತದೆ. ಬಾಗಿಸುವ ಶಕ್ತಿ ಎರಡರ ಮೇಲೆ ನಿಂತಿದೆ. ಗಾಲಿಯ ಮೇಲಿನ ಭಾರ ಒಂದು, ಪಾಟಾದ ನಡುವಿನಿಂದ ಗಾಲಿಯ ನಡುವಿಗೆ ಇರುವ ದೂರ ಇನ್ನೊಂದು. ಭಾರವನ್ನು ಎಲ್ಲರೂ ಎಣಿಸುತ್ತಾರೆ. ದೂರವನ್ನು ಎಣಿಸುವವನೇ ಮಿಸ್ತ್ರಿ.

ಏಕೆಂದರೆ ಅಗಲದ ಟೈರು ಹಾಕಿದರೆ ಅದು ಒಳಗೆ ಪಾಟಾಕ್ಕೋ ಚಾಸಿಗೋ ತಾಗುತ್ತದೆ. ತಾಗಬಾರದೆಂದು ಗಾಲಿಯನ್ನು ಹೊರಗೆ ಸರಿಸುತ್ತಾರೆ. ಮೊದಲು ಆ ದೂರ 25 ಸೆಂಟಿಮೀಟರ್ ಇತ್ತೆನ್ನಿ, ಈಗ 30 ಆಯಿತು. ಹೊರೆ ಒಂದು ಕಿಲೋ ಹೆಚ್ಚದಿದ್ದರೂ ಅಚ್ಚನ್ನು ಬಾಗಿಸುವ ಶಕ್ತಿ ಐದರಲ್ಲಿ ಒಂದು ಪಾಲು ಹೆಚ್ಚಿತು. ಇದಕ್ಕೆ ಪರಿಹಾರವೇನು? ಚೌಕ ಅಚ್ಚಿನ ಬಾಗದಿರುವ ಶಕ್ತಿ ಅದರ ಬದಿಯ ಅಳತೆಯ ಘನಕ್ಕೆ ತಕ್ಕಂತೆ ಏರುತ್ತದೆ: ಬದಿ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಹಾಗಾಗಿ 75 ಮಿಲಿಮೀಟರ್ ಬದಿಯ ಅಚ್ಚಿನ ಬದಲು 80 ಮಿಲಿಮೀಟರಿನದು ಹಾಕಿದರೆ ಶಕ್ತಿ ಶೇಕಡಾ 21ರಷ್ಟು ಹೆಚ್ಚುತ್ತದೆ. ಗಾಲಿ ಹೊರಗೆ ಸರಿದದ್ದು ಐದು ಸೆಂಟಿಮೀಟರ್. ಅದನ್ನು ತೀರಿಸಲು ಅಚ್ಚು ದಪ್ಪವಾಗಬೇಕಾದದ್ದು ಐದೇ ಮಿಲಿಮೀಟರ್. ಉಕ್ಕಿನ ತೂಕ ಹೆಚ್ಚುವುದು ಶೇಕಡಾ 14ರಷ್ಟು ಮಾತ್ರ. ನನಗೆ ಈ ಕಸುಬಿನಲ್ಲಿ ಅತ್ಯಂತ ಚೆಂದ ಕಾಣುವ ಲೆಕ್ಕ ಇದೇ. ಕಾಗದದ ಮೇಲೆ ಬರೆಯದ ಮಿಸ್ತ್ರಿಯೂ ಗಾಲಿ ಹೊರಗೆ ಬಂದದ್ದನ್ನು ಕಂಡ ಕೂಡಲೇ ಒಂದು ನಂಬರು ಮೇಲಿನ ಅಚ್ಚು ಹುಡುಕುತ್ತಾನೆ.

ಆದರೆ ನಡುವಿನ ಚೌಕ ದಪ್ಪವಾದರೆ ಸಾಲದು. ಚೌಕ ಮುಗಿದು ಗುಂಡು ಸ್ಟಬ್ ಶುರುವಾಗುವ ಜಾಗವಿದೆಯಲ್ಲ, ಗಾಲಿಯ ಹಬ್ ಕೂರುವುದು ಅದರ ಮೇಲೆ. ಅಲ್ಲಿ ಬೇರಿಂಗು ಎರಡು, ಒಳಗಿನದು ದೊಡ್ಡದು, ಹೊರಗಿನದು ಸಣ್ಣದು. ಗಾಲಿಯ ನಡುಗೆರೆ ಒಳಗಿನ ದೊಡ್ಡ ಬೇರಿಂಗಿನ ಹತ್ತಿರ ಬೀಳುವಂತೆ ಕಾರ್ಖಾನೆಯವರು ಹಬ್ ಮಾಡಿರುತ್ತಾರೆ. ರಿಮ್ ತಿರುವಿ ಹಾಕಿ ಗಾಲಿಯನ್ನು ಹೊರಗೆ ಚಾಚಿದರೆ ಆ ಗೆರೆ ಸಣ್ಣ ಬೇರಿಂಗಿನ ಕಡೆಗೆ ಸರಿಯುತ್ತದೆ. ಆಗ ಸಣ್ಣದು ದೊಡ್ಡದರ ಕೆಲಸ ಮಾಡಬೇಕು. ಅದು ಸ್ವಲ್ಪ ದಿನ ಮಾಡುತ್ತದೆ, ಆಮೇಲೆ ಗ್ರೀಸು ಕರಗಿ, ನೀಲಿಗಟ್ಟಿ, ಒಂದು ದಿನ ರಸ್ತೆ ನಡುವೆ ಗಾಲಿಯನ್ನೇ ಕಳಚಿ ಬಿಡುತ್ತದೆ. ಒಳ್ಳೆಯ ಮಿಸ್ತ್ರಿ ದೊಡ್ಡ ಟೈರಿಗೆ ಬರೀ ರಿಮ್ ಬದಲಿಸಿ ಕೊಡುವುದಿಲ್ಲ. ಹಬ್, ಬೇರಿಂಗ್, ಸ್ಟಬ್ ಮೂರನ್ನೂ ಒಟ್ಟಿಗೆ ಮೇಲಿನ ಅಳತೆಗೆ ಒಯ್ಯುತ್ತಾನೆ. ರೊಕ್ಕ ಹೆಚ್ಚಾಯಿತೆಂದು ಗಿರಾಕಿ ಮುಖ ಸಿಂಡರಿಸುವುದೂ ಇಲ್ಲೇ. "ಟೈರ್ ದೊಡ್ಡವ ಹಾಕ್ಸೀರಿ ಗೌಡ್ರ, ಅಚ್ಚಿಗೆ ಯಾಕ ಹಿಂದ ಸರೀತೀರಿ?" ಎಂಬ ಧಾಟಿಯ ಮಾತು ಇಂಥ ಅಂಗಡಿಗಳಲ್ಲಿ ಹೊಸದಲ್ಲ.

ಚೌಕ ಗುಂಡಾಗುವ ಆ ಮೂಲೆಯನ್ನು ಲೇತಿನಲ್ಲಿ ಹೇಗೆ ಕಡೆದಿದ್ದಾರೆ ಎಂಬುದರಲ್ಲಿ ಅಚ್ಚಿನ ಆಯುಷ್ಯ ಅಡಗಿದೆ. ಮೊನೆ ಮೂಲೆ ಬಿಟ್ಟರೆ ಎಲ್ಲ ಒತ್ತಡ ಅಲ್ಲಿಗೇ ಬಂದು ಸೇರುತ್ತದೆ. ದುಂಡಗೆ ಇಳಿಜಾರು ಮಾಡಿ ನುಣುಪಾಗಿ ಬಿಟ್ಟರೆ ಹಂಚಿಹೋಗುತ್ತದೆ. ಇದನ್ನು ಕಲಿಯಲು ಜಗತ್ತು ದೊಡ್ಡ ಬೆಲೆ ತೆತ್ತಿದೆ. 1842ರ ಮೇ 8ರಂದು ವರ್ಸೈಯಿಂದ ಪ್ಯಾರಿಸ್‌ಗೆ ಹೊರಟ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಜನ ಸತ್ತರು. ಆಗ ಅಚ್ಚುಗಳು ಯಾಕೆ ಮುರಿಯುತ್ತವೆ ಎಂದು ಹುಡುಕಿದವರಲ್ಲಿ ಸ್ಕಾಟ್ಲೆಂಡಿನ ಯುವ ಎಂಜಿನಿಯರ್ ರ‍್ಯಾಂಕಿನ್ ಒಬ್ಬ. ಸೀಳು ಮೂಲೆಯಲ್ಲಿ ಹುಟ್ಟಿ ದಿನದಿನವೂ ಒಳಗೆ ಬೆಳೆಯುತ್ತದೆ ಎಂದು ಅವನು ಕಂಡ. ಮುಂದೆ ಪ್ರಷ್ಯದ ಆಗುಸ್ಟ್ ವೋಲರ್ ರೈಲಿನ ಅಚ್ಚುಗಳನ್ನು ವರ್ಷಗಟ್ಟಲೆ ಯಂತ್ರದಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಒಂದೇ ಸಲಕ್ಕೆ ಹೊತ್ತು ನಿಲ್ಲಬಲ್ಲ ಹೊರೆಗಿಂತ ಎಷ್ಟೋ ಕಡಿಮೆ ಹೊರೆಯೂ ಲಕ್ಷ ಸಲ ಮರಳಿ ಮರಳಿ ಬಿದ್ದರೆ ಉಕ್ಕು ದಣಿದು ಮುರಿಯುತ್ತದೆ ಎಂದು ತೋರಿಸಿದ. ಸಿಂದಗಿಯ ಅಂಗಡಿಗೆ ಬಂದ ಮುರಿದ ಸ್ಟಬ್ಬನ್ನು ಎತ್ತಿ ನೋಡಿದರೆ ವೋಲರನ ಪಾಠವೇ ಅಲ್ಲಿದೆ. ಒಂದು ಕಡೆ ನುಣ್ಣಗೆ, ಕಪ್ಪಗೆ, ಅಲೆಯಂಥ ಗೆರೆಗಳು. ಅದು ಹಳೆಯ ಸೀಳು, ತಿಂಗಳುಗಟ್ಟಲೆ ಬೆಳೆದದ್ದು. ಉಳಿದ ಭಾಗ ಹೊಳೆಯುವ ಹರಳು ಹರಳು. ಅದು ಮುರಿದ ಕ್ಷಣದ್ದು. ಕಪ್ಪು ಭಾಗ ಹೆಚ್ಚಿದ್ದರೆ ಅಚ್ಚು ದಣಿದು ಸತ್ತದ್ದು, ಕಡೆದವನನ್ನೋ ಬೆಸೆದವನನ್ನೋ ಕೇಳಬೇಕು. ಬರೀ ಹರಳಿದ್ದರೆ ಆ ದಿನ ಹೊರೆಯೋ ಗುಂಡಿಯೋ ಮಿತಿ ಮೀರಿತ್ತು, ಹೊಡೆದವನನ್ನು ಕೇಳಬೇಕು.

ಬೆಸುಗೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಚ್ಚಿಗೆ ಬಳಸುವ ಇಎನ್-8ರಂಥ ಉಕ್ಕಿನಲ್ಲಿ ಇಂಗಾಲ ನಡುಮಟ್ಟದಲ್ಲಿರುತ್ತದೆ. ತಣ್ಣನೆಯ ದಪ್ಪ ಅಚ್ಚಿಗೆ ನೇರವಾಗಿ ವೆಲ್ಡಿಂಗ್ ಹಚ್ಚಿದರೆ ಬೆಸುಗೆಯ ಅಂಚಿನ ಉಕ್ಕು ಗಕ್ಕನೆ ತಣಿದು ಗಾಜಿನಂತೆ ಗಡುಸಾಗುತ್ತದೆ, ಸೀಳು ಅಲ್ಲೇ ಹುಟ್ಟುತ್ತದೆ. ಆದ್ದರಿಂದ ಬಲ್ಲವರು ಪಾಟಾವನ್ನು ಅಚ್ಚಿಗೆ ಬೆಸೆಯದೆ ಯು ಬೋಲ್ಟಿನಿಂದ ಬಿಗಿಯುತ್ತಾರೆ. ಬೆಸೆಯಲೇಬೇಕಾದರೆ ಮೊದಲು ಕಾಯಿಸಿಕೊಳ್ಳುತ್ತಾರೆ, ನಿಧಾನ ಆರಲು ಬಿಡುತ್ತಾರೆ, ಅಚ್ಚಿನ ಕೆಳಮುಖಕ್ಕೆ ಮಾತ್ರ ಕೈ ಹಚ್ಚುವುದಿಲ್ಲ. ಹೊರೆ ಹೊತ್ತ ಟ್ರಾಲಿ ಅಚ್ಚಿನ ಕೆಳಮುಖ ಸದಾ ಹಿಗ್ಗುತ್ತಿರುತ್ತದೆ, ಮೇಲ್ಮುಖ ಕುಗ್ಗುತ್ತಿರುತ್ತದೆ, ಬದಿಯ ನಡುಗೆರೆ ಎರಡೂ ಇಲ್ಲದೆ ನೆಮ್ಮದಿಯಾಗಿರುತ್ತದೆ. ಬೆಸುಗೆಗೆ ಜಾಗ ಆ ನಡುಗೆರೆ. ಬಲ ಬರಲೆಂದು ಅಚ್ಚಿನ ಕೆಳಗೆ ಒಂದು ಪಟ್ಟಿ ಅಡ್ಡಡ್ಡ ಬೆಸೆದು ಕೊಡುವವರು ಬಲ ಕೊಟ್ಟೆವೆಂದೇ ನಂಬಿರುತ್ತಾರೆ. ಅವರು ಕೊಟ್ಟದ್ದು ಮುರಿಯಲು ಒಂದು ಗೆರೆ.

ಟ್ರ್ಯಾಕ್ಟರಿನ ಹಿಂದಿನ ಅಚ್ಚಿನ ಕಷ್ಟ ಇನ್ನೊಂದು ಬಗೆಯದು. ಅದು ಹೊರುತ್ತದೆ, ಜೊತೆಗೆ ತಿರುಗಿಸುತ್ತದೆ. ಹೌಸಿಂಗಿನಿಂದ ಹೊರಗೆ ಚಾಚಿದ ಅದೇ ಶಾಫ್ಟಿನ ಮೇಲೆ ಗಾಲಿ ಕೂತಿರುವುದರಿಂದ ಬಾಗಿಸುವ ಹೊರೆ, ತಿರುಚುವ ಹೊರೆ ಎರಡೂ ಅದರದ್ದೇ. ತಿರುಗುವ ಅಚ್ಚಾದ್ದರಿಂದ ಟ್ರಾಲಿಗಿರುವಂತೆ ಅದಕ್ಕೆ ಕೆಳಮುಖ ಮೇಲ್ಮುಖ ಎಂದಿಲ್ಲ. ಪ್ರತಿ ಸುತ್ತಿಗೂ ಪ್ರತಿ ಕಣವೂ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. ಈ ಕಡೆ 45-50 ಅಶ್ವಶಕ್ತಿಯ ಟ್ರ್ಯಾಕ್ಟರುಗಳಿಗೆ 13.6-28 ಅಥವಾ 14.9-28 ಟೈರು ಬರುತ್ತದೆ. ಅದನ್ನು ತೆಗೆದು 16.9-28 ಹಾಕಿಸಬೇಕೆಂಬುದು ಬಹಳ ಮಂದಿಯ ಆಸೆ. ಎರೆಯಲ್ಲಿ ಹುಗಿಯುವುದು ಕಡಿಮೆಯಾಗುತ್ತದೆ, ಹಿಡಿತ ಹೆಚ್ಚುತ್ತದೆ, ನೋಡಲೂ ಗತ್ತು ಬರುತ್ತದೆ. ಮೂರನೆಯ ಕಾರಣವನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ, ಜಾತ್ರೆಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸುವ ರೀತಿ ನೋಡಿದರೆ ತಿಳಿಯುತ್ತದೆ.

13.6-28 ಟೈರಿನ ಎತ್ತರ ಸುಮಾರು 131 ಸೆಂಟಿಮೀಟರ್, 16.9-28ರದು ಸುಮಾರು 144. ಪಾನಾಕ್ಕೆ ಪೈಪು ತೊಡಿಸಿ ಹಿಡಿಕೆ ಉದ್ದ ಮಾಡಿದಾಗ ನಟ್ಟಿನ ಮೇಲೆ ಏನಾಗುತ್ತದೋ ಎತ್ತರದ ಗಾಲಿ ಹಾಕಿದಾಗ ಅಚ್ಚಿನ ಮೇಲೆ ಅದೇ ಆಗುತ್ತದೆ. ಒಂದು ಹಿಂಗಾಲಿಯ ಮೇಲೆ ಸಾವಿರ ಕಿಲೋ ಭಾರವಿದ್ದು, ಒಣ ಡಾಂಬರಿನ ಮೇಲೆ ಅದರ ಶೇಕಡಾ 80ರಷ್ಟು ಹಿಡಿತ ಸಿಕ್ಕಿತೆನ್ನಿ. ಹೊರೆಗೆ ಟೈರು ತುಸು ತಗ್ಗಿ ಗಾಲಿಯ ನಡುವಿನಿಂದ ನೆಲಕ್ಕೆ 62 ಸೆಂಟಿಮೀಟರ್ ಇದ್ದಾಗ ಅಚ್ಚಿನ ಮೇಲೆ ಬೀಳುವ ತಿರುಚು ಹೊರೆ ಸುಮಾರು 496 ಕಿಲೋ-ಮೀಟರ್ (ಒಂದು ಮೀಟರ್ ಉದ್ದದ ಸನ್ನೆಯ ತುದಿಗೆ 496 ಕಿಲೋ ತೂಗಿಬಿಟ್ಟಷ್ಟು). ಅದು 68 ಆದರೆ 544. ಇಷ್ಟನ್ನು ಒಳ್ಳೆಯ ಕಂಪನಿಯ ಅಚ್ಚು ತಡೆದುಕೊಳ್ಳುತ್ತದೆ, ಅಷ್ಟು ಹೆಚ್ಚಳಕ್ಕೆ ಅದರಲ್ಲಿ ಎಡೆಯಿರುತ್ತದೆ. ಆದರೆ ದೊಡ್ಡ ಟೈರು ಹಾಕಿಸಿದವರು ಅಲ್ಲಿಗೆ ಬಿಡುವುದಿಲ್ಲ. ದೊಡ್ಡ ಟೈರಿನೊಳಗೆ ನೀರು ಹೆಚ್ಚು ಹಿಡಿಯುತ್ತದೆಂದು ಇನ್ನೂರು ಲೀಟರ್ ತುಂಬಿಸುತ್ತಾರೆ. ಈಗ ಸಾವಿರದ ಜಾಗದಲ್ಲಿ ಸಾವಿರದ ಇನ್ನೂರು, ತಿರುಚು ಹೊರೆ 653. ಮೊದಲಿಗಿಂತ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೆಚ್ಚು. ಅಚ್ಚು ಮುರಿದಾಗ ಟೈರನ್ನು ದೂರುತ್ತಾರೆ. ನಿಜವಾದ ತಪ್ಪಿನಲ್ಲಿ ದೊಡ್ಡ ಪಾಲು ನೀರಿನದು, ಹುಕ್ಕಿಗೆ ಜೋತುಬಿದ್ದ ಟ್ರಾಲಿಯ ಮೂತಿಯ ಭಾರದ್ದು.

ಕೆಸರಿನಲ್ಲಿ ಅಚ್ಚು ಮುರಿಯುತ್ತದೆಂದು ಸಾಮಾನ್ಯ ನಂಬಿಕೆ. ಕೆಸರು ಅಚ್ಚಿನ ಮಿತ್ರ. ಅಲ್ಲಿ ಗಾಲಿ ಜಾರುತ್ತದೆ, ಜಾರುವ ಗಾಲಿ ಅಚ್ಚಿಗೆ ತನ್ನ ಹಿಡಿತಕ್ಕಿಂತ ಹೆಚ್ಚಿನ ಹೊರೆ ಕೊಡಲಾರದು. ಅಪಾಯವಿರುವುದು ಕೆಸರು ಮುಗಿಯುವ ಜಾಗದಲ್ಲಿ. ಹುಗಿದ ಟ್ರ್ಯಾಕ್ಟರಿನ ಗಾಲಿ ಗಿರಗಿರನೆ ತಿರುಗುತ್ತಿರುವಾಗ ಯಾರೋ ಗಾಲಿಯ ಕೆಳಗೆ ಕಲ್ಲು, ಜಾಲಿ ಟೊಂಗೆ ಒತ್ತುತ್ತಾರೆ. ಗಾಲಿ ಗಕ್ಕನೆ ಕಚ್ಚುತ್ತದೆ. ಅಷ್ಟು ಹೊತ್ತು ತಿರುಗುತ್ತಿದ್ದ ದೊಡ್ಡ ಟೈರು, ಅದರೊಳಗಿನ ನೀರು, ಎಂಜಿನ್ನಿನ ಫ್ಲೈವೀಲು ಎಲ್ಲದರ ವೇಗ ಒಂದು ಗಳಿಗೆಯಲ್ಲಿ ಅಚ್ಚಿನೊಳಗೆ ನುಗ್ಗುತ್ತದೆ. ಡಿಫರೆನ್ಷಿಯಲ್ ಲಾಕ್ ಹಾಕಿದ್ದರೆ ಎರಡು ಶಾಫ್ಟು ಹಂಚಿಕೊಳ್ಳಬೇಕಾದದ್ದು ಕಚ್ಚಿದ ಗಾಲಿಯ ಒಂದೇ ಶಾಫ್ಟಿನ ಪಾಲಾಗುತ್ತದೆ. ಕಂಡವರು ಇಂಥ ಹೊತ್ತಿನಲ್ಲಿ ಎಕ್ಸಿಲೇಟರ್ ಬಿಟ್ಟು, ಸಣ್ಣ ಗೇರಿನಲ್ಲಿ ಮೆಲ್ಲಗೆ ಎಬ್ಬಿಸುತ್ತಾರೆ.

ತಯಾರಕರೂ ಈ ತಿರುಚನ್ನು ತಪ್ಪಿಸಲು ಒಂದು ಜಾಣ ದಾರಿ ಹಿಡಿದಿದ್ದಾರೆ. ಎಂಜಿನ್ನಿನ ಬಲವನ್ನು ಪೂರ್ತಿ ಹೆಚ್ಚಿಸಿ ಉದ್ದದ ಶಾಫ್ಟಿನ ಮೂಲಕ ಸಾಗಿಸುವ ಬದಲು ಅಚ್ಚಿನ ಕೊನೆಯ ಹಂತದಲ್ಲಿ, ಗಾಲಿಗೆ ಹತ್ತಿರವಾಗಿ, ಗೇರಿನಿಂದ ಹೆಚ್ಚಿಸುತ್ತಾರೆ. ಆ ಗೇರು ಐದು ಪಟ್ಟು ಹೆಚ್ಚಿಸುವುದಾದರೆ ಅದರ ಹಿಂದಿನ ಶಾಫ್ಟಿಗೆ ಬೀಳುವುದು ಐದರಲ್ಲಿ ಒಂದು ಪಾಲು. ದೊಡ್ಡ ಟೈರು ಹಾಕುವ ಮೊದಲು ಮಿಸ್ತ್ರಿ ತನ್ನ ಮುಂದಿರುವ ಟ್ರ್ಯಾಕ್ಟರಿನಲ್ಲಿ ಈ ಕೊನೆಯ ಗೇರು ಎಲ್ಲಿದೆ ಎಂದು ಮೊದಲು ನೋಡುವುದು ಇದಕ್ಕೇ.

ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರುಗಳಲ್ಲಿ ಮತ್ತೊಂದು ಗಂಟಿದೆ. ಮುಂಗಾಲಿ ಹಿಂಗಾಲಿಗಿಂತ ಶೇಕಡಾ ಒಂದರಿಂದ ಐದರಷ್ಟು ಮುಂದೆ ಓಡುವಂತೆ ಗೇರು ಕೂಡಿಸಿರುತ್ತಾರೆ. ಹಿಂದಿನದನ್ನಷ್ಟೇ ದೊಡ್ಡದು ಮಾಡಿದರೆ ಹಿಂಗಾಲಿ ಶೇಕಡಾ ಹತ್ತರಷ್ಟು ಹೆಚ್ಚು ಓಡುತ್ತದೆ, ಮುಂಗಾಲಿ ಹಿಂದೆ ಬಿದ್ದು ಎಳೆಯುವ ಬದಲು ತಡೆಯುತ್ತದೆ. ಡಾಂಬರಿನ ಮೇಲೆ ನಾಲ್ಕೂ ಗಾಲಿ ಕೂಡಿಸಿ ಓಡಿಸಿದರೆ ಮುಂದಿನ ಗೇರುಗಳು ಒಳಗೊಳಗೇ ತಿರುಚಿಕೊಂಡು ಒಡೆಯುತ್ತವೆ. ಬದಲಿಸಿದರೆ ನಾಲ್ಕನ್ನೂ ಲೆಕ್ಕ ಹಾಕಿ ಬದಲಿಸಬೇಕು, ಇಲ್ಲವೇ ಬಿಡಬೇಕು.

ಕೊಡಗು ಸಕಲೇಶಪುರದ ಕಡೆ ಕಾಡುದಾರಿಯಲ್ಲಿ ಜೀಪು ಹತ್ತಿಸುವ ಹವ್ಯಾಸಿಗಳಿಗೂ ಅಚ್ಚು ಹೊರುತ್ತದೋ ಬರೀ ತಿರುಗಿಸುತ್ತದೋ ಎಂಬ ಇದೇ ಲೆಕ್ಕ. ಅವರ ಹಿಂದಿನ ಅಚ್ಚಿನಲ್ಲಿ ಗಾಡಿಯ ಭಾರವನ್ನು ಹೌಸಿಂಗೇ ಹೊತ್ತು ಶಾಫ್ಟಿಗೆ ತಿರುಗಿಸುವ ಕೆಲಸವಷ್ಟೇ ಉಳಿದಿದ್ದರೆ ಶಾಫ್ಟ್ ಮುರಿದರೂ ಗಾಲಿ ಕಳಚುವುದಿಲ್ಲ. ಶಾಫ್ಟೇ ಭಾರವನ್ನೂ ಹೊರುವುದಾದರೆ ಮುರಿದ ತುಂಡಿನೊಂದಿಗೆ ಗಾಲಿಯೂ ಹೊರಗೆ ಬರುತ್ತದೆ.

ಹೀಗೆ ನೋಡುತ್ತ ಹೋದರೆ ಈ ಕಸುಬಿನ ತಿರುಳು ಯಾವುದನ್ನೂ ಮುರಿಯದಂತೆ ಮಾಡುವುದಲ್ಲ. ಅಚ್ಚು ದಪ್ಪ ಮಾಡಿದರೆ ಬೇರಿಂಗು ಹೋಗುತ್ತದೆ, ಬೇರಿಂಗು ದೊಡ್ಡದು ಮಾಡಿದರೆ ಪಾಟಾ, ಪಾಟಾ ಗಟ್ಟಿ ಮಾಡಿದರೆ ಹುಕ್ಕು, ಕೊನೆಗೆ ಟ್ರ್ಯಾಕ್ಟರಿನ ಗೇರುಪೆಟ್ಟಿಗೆ. ಒಂದನ್ನು ಬಲಪಡಿಸಿದಾಗ ಸೋಲು ಮುಂದಿನದಕ್ಕೆ ಸರಿಯುತ್ತದೆ. ಅದು ಎಲ್ಲಿ ನಿಲ್ಲಬೇಕು ಎಂದು ಮಿಸ್ತ್ರಿ ಮೊದಲೇ ಗೊತ್ತು ಮಾಡುತ್ತಾನೆ. ರೋಟಾವೇಟರಿನಲ್ಲಿ ಕಲ್ಲು ಸಿಕ್ಕಾಗ ಮುರಿಯಲೆಂದೇ ಒಂದು ಅಗ್ಗದ ಬೋಲ್ಟು ಇಟ್ಟಿರುತ್ತಾರಲ್ಲ, ಅದೇ ವಿವೇಕ. ಟ್ರಾಲಿಯಲ್ಲಿ ಆ ಪಾಲು ಪಾಟಾದ ಒಂದು ಎಲೆಗೆ ಬಂದರೆ ಲೇಸು. ಎಲೆ ಮುರಿದರೆ ಟ್ರಾಲಿ ಒಂದು ಬದಿಗೆ ವಾಲಿ ಹೇಳುತ್ತದೆ, ಡ್ರೈವರ್ ಇಳಿದು ನೋಡುತ್ತಾನೆ. ಸ್ಟಬ್ ಮುರಿದರೆ ಹೇಳಲು ಸಮಯವಿರುವುದಿಲ್ಲ, ಹಿಂದೆ ಬೈಕಿನಲ್ಲಿ ಬರುತ್ತಿದ್ದವನಿಗಂತೂ ಇಲ್ಲವೇ ಇಲ್ಲ. ಅಳತೆ ಮೀರಿ ಕಬ್ಬು ಹೇರಿದ ಎರಡೆರಡು ಟ್ರಾಲಿ, ಬ್ರೇಕಿಲ್ಲದೆ, ಹಿಂದೆ ದೀಪವಿಲ್ಲದೆ ರಾತ್ರಿ ಹೊರಡುವುದನ್ನು ಯಾವ ಅಚ್ಚಿನ ಲೆಕ್ಕವೂ ಸರಿಪಡಿಸಲಾರದು ಎಂಬುದನ್ನೂ ಹೇಳಿಬಿಡಬೇಕು.

ಹೊಸ ಅಚ್ಚು, ಹೊಸ ಗಾಲಿ ಹಾಕಿ ಕೊಟ್ಟ ಮೇಲೆ ಬಲ್ಲ ಮಿಸ್ತ್ರಿ ಮೊದಲ ಖೇಪು ಮುಗಿಸಿ ಮರಳಿ ಬರಲು ಹೇಳುತ್ತಾನೆ. ಹೊರೆ ಬಿದ್ದಾಗ ಹೊಸ ಲೋಹಗಳು ಒಂದಕ್ಕೊಂದು ಕೂತು ಯು ಬೋಲ್ಟು ಸಡಿಲವಾಗಿರುತ್ತವೆ, ಅವನ್ನು ಮತ್ತೆ ಬಿಗಿಯಬೇಕು. ಗಾಲಿಯ ನಟ್ಟುಗಳಿಗೂ ಅದೇ. ಆಮೇಲೆ ಹಬ್ಬಿನ ಮೇಲೆ ಅಂಗೈ ಇಟ್ಟು ನೋಡುತ್ತಾನೆ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗು ಹೆಚ್ಚು ಬಿಗಿದಿದೆ, ಅಥವಾ ಗಾಲಿಯ ಗೆರೆ ತಪ್ಪಿದೆ. ಎಡಬಲದ ಬಿಸಿಯಲ್ಲಿ ವ್ಯತ್ಯಾಸ ಕಂಡರೆ ಹೊರೆ ಒಂದೇ ಬದಿಗೆ ಬೀಳುತ್ತಿದೆಯೇ ಎಂದು ಮೊದಲು ನೋಡಿ, ಅದಲ್ಲವೆಂದಾದರೆ ಬಿಸಿ ಹೆಚ್ಚಿದ ಬದಿಯ ಹಬ್ ಬಿಚ್ಚುತ್ತಾನೆ.